ಮನೆಯವರು ಇರುವ ಹೋಂಸ್ಟೇ ಹುಡುಕಿ

ಸಾಲು ರಜೆ ಬಂತು ಅಂದರೆ ನಮ್ಮ ಆಫೀಸಿನ ಗ್ರೂಪ್‌ನಲ್ಲಿ ಒಂದೇ ಮಾತು. ಸಕಲೇಶಪುರವಾ, ಚಿಕ್ಕಮಗಳೂರಾ, ಮಡಿಕೇರಿಯಾ? ಆಮೇಲೆ ಲಿಂಕ್‌ಗಳು ಶುರು. ಪೂಲ್ ಇದೆಯಾ, ರಾತ್ರಿ ಬೆಂಕಿ ಹಾಕಿ ಕೊಡ್ತಾರಾ, ಸ್ಪೀಕರ್ ಇದೆಯಾ, ವೈಫೈ ಹೆಂಗೆ, ತಲೆಗೆ ಎಷ್ಟು. ಇಷ್ಟೆಲ್ಲ ಕೇಳುತ್ತಾರೆ. "ಮನೆಯವರು ಅಲ್ಲೇ ಇರ್ತಾರಾ?" ಅಂತ ಯಾರೂ ಕೇಳುವುದಿಲ್ಲ. ನನ್ನನ್ನು ಕೇಳಿದರೆ ಮೊದಲು ವಿಚಾರಿಸಬೇಕಾದ್ದೇ ಅದು.

ಸಕಲೇಶಪುರದ ಹತ್ತಿರದ ಒಂದು ಮನೆಗೆ ನಾವು ವರ್ಷಗಳಿಂದ ಹೋಗಿ ಬರುತ್ತಿದ್ದೇವೆ. ಬೆಂಗಳೂರಿನಿಂದ ಸುಮಾರು 220 ಕಿಲೋಮೀಟರ್. ಹಾಸನ ದಾಟುವ ಹೊತ್ತಿಗೆ ಆ ಮನೆಯ ಅಣ್ಣನ ಫೋನ್ ಬರುತ್ತದೆ. "ಎಲ್ಲಿದೀರಾ? ಇಲ್ಲಿ ಮಳೆ ಹಿಡ್ಕಂಡಿದೆ, ನಿಧಾನ ಬನ್ನಿ. ಶಾಲೆ ಹತ್ರ ಕಾರು ನಿಲ್ಸಿ. ಮ್ಯಾಪ್ ನೋಡ್ಕಂಡು ಒಳಗೆ ನುಗ್ಬೇಡಿ, ನಾನೇ ಜೀಪ್ ತರ್ತೀನಿ." ಮನೆ ಮುಟ್ಟಿದ ಕೂಡಲೇ ಅಕ್ಕ ಹೊರಗೆ ಬರುತ್ತಾರೆ. "ಮೊದ್ಲು ಕೈಕಾಲು ತೊಳ್ಕಳಿ, ಹಂಡೇಲಿ ನೀರು ಕಾದಿದೆ." ಅವರ ಅತ್ತೆ ಜಗುಲಿಯಲ್ಲಿ ಕೂತು ನಮ್ಮಮ್ಮನ ಮಂಡಿನೋವು ವಿಚಾರಿಸುತ್ತಾರೆ. ಕಾಫಿ ಬರುತ್ತದೆ, ಬೆಲ್ಲ ಹಾಕಿದ ಕಪ್ಪು ಕಾಫಿ. ಐದು ಗಂಟೆ ಕಾರಿನಲ್ಲಿ ಕೂತು ಬಂದ ಮೈಗೆ ಇದಕ್ಕಿಂತ ಇನ್ನೇನು ಬೇಕು ಹೇಳಿ.

ಅವರ ಊಟದ ಬಗ್ಗೆ ಹೇಳಲೇಬೇಕು. ಮೆನು ಕಾರ್ಡ್ ಅಂತ ಏನೂ ಇಲ್ಲ. ಆ ವಾರ ತೋಟ, ಗದ್ದೆ, ಹಿತ್ತಿಲು ಏನು ಕೊಟ್ಟಿದೆಯೋ ಅದೇ ಅಡುಗೆ. ಮಳೆಗಾಲದಲ್ಲಿ ಕೆಸುವಿನ ಎಲೆಯ ಪತ್ರೊಡೆ, ಅಣಬೆ ಸಾರು, ಕಳಲೆ ಪಲ್ಯ. ಬೆಳಿಗ್ಗೆ ಕೆಂಡದ ಮೇಲೆ ಉಬ್ಬಿದ ಅಕ್ಕಿ ರೊಟ್ಟಿ. ಈ ಕಳಲೆ ಅನ್ನುವುದು ಎಳೇ ಬಿದಿರಿನ ಮೊಳಕೆ. ಕಿತ್ತು ತಂದ ದಿನವೇ ಬೇಯಿಸಿ ತಿನ್ನುವ ಹಾಗಿಲ್ಲ. ಹೆಚ್ಚಿ ನೀರಿಗೆ ಹಾಕಬೇಕು, ದಿನಾ ನೀರು ಬದಲಿಸಬೇಕು, ಎರಡು ಮೂರು ದಿನ ಆದ ಮೇಲೆ ಒಲೆಗೆ ಇಡಬೇಕು. ಅಂದರೆ ನಾವು ಶನಿವಾರ ತಿನ್ನುವ ಪಲ್ಯಕ್ಕೆ ಅಕ್ಕ ಬುಧವಾರವೇ ಕೈ ಹಾಕಿರುತ್ತಾರೆ. ನಾವು ಬೆಂಗಳೂರಿನಲ್ಲಿ ಮೀಟಿಂಗ್‌ನಲ್ಲಿ ಕೂತಿರುವಾಗಲೇ ಅಲ್ಲಿ ಒಬ್ಬರು ನಮ್ಮ ಊಟದ ಯೋಚನೆ ಮಾಡುತ್ತಿರುತ್ತಾರೆ. ಇದು ನನಗೆ ತುಂಬಾ ದೊಡ್ಡ ವಿಷಯ.

ಬೆಳಿಗ್ಗೆ ಅಣ್ಣ ತೋಟಕ್ಕೆ ಕರೆದುಕೊಂಡು ಹೋಗುತ್ತಾರೆ. ಕಾಲಿಗೆ ಇಂಬಳ, ಅಂದರೆ ಜಿಗಣೆ, ಹತ್ತದಿರಲಿ ಅಂತ ಹೊಗೆಸೊಪ್ಪಿನ ನೀರು ಸವರಿ ಕೊಡುತ್ತಾರೆ. ದೇಶದ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಭಾಗ ನಮ್ಮ ಕರ್ನಾಟಕದ್ದೇ, ಆದರೂ ಬೆಂಗಳೂರಿನ ಎಷ್ಟೋ ಮಕ್ಕಳು ಕಾಫಿ ಹಣ್ಣನ್ನೇ ನೋಡಿಲ್ಲ. ಅರೇಬಿಕಾ ಜಾತಿಯ ಕಾಫಿ ನವೆಂಬರ್‌ನಿಂದ ಜನವರಿವರೆಗೆ ಕೊಯ್ಲಿಗೆ ಬರುತ್ತದೆ, ಅದರ ಬೆನ್ನಿಗೆ ಮಾರ್ಚ್ ತನಕ ರೋಬಸ್ಟಾ. ಕೊಯ್ಲಿನ ಸಮಯದಲ್ಲಿ ಹೋದರೆ ಅಣ್ಣ ಒಂದು ಕೆಂಪು ಹಣ್ಣು ಬಿಡಿಸಿ ಮಗಳ ಕೈಗೆ ಕೊಡುತ್ತಾರೆ. ಸಿಪ್ಪೆ ಚೀಪಿದರೆ ಸಿಹಿ. ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ ತೋರಿಸುತ್ತಾರೆ. ಕಾಫಿಗೆ ನೆರಳು ಕೊಡುವ ಹಾಲವಾಣ ಮರದ ಕೊಂಬೆ ಯಾವಾಗ ಕಡಿದು ನೆರಳು ಕಡಿಮೆ ಮಾಡಬೇಕು ಅಂತ ವಿವರಿಸುತ್ತಾರೆ. ಮಗಳು ನೂರು ಪ್ರಶ್ನೆ ಕೇಳಿದರೂ ಅವರಿಗೆ ಬೇಜಾರಿಲ್ಲ.

ಬೇಡ ಅನ್ನಬೇಕಾದ ಕಡೆ ಬೇಡ ಅನ್ನುವುದೂ ಅವರೇ. ಆ ಸೀಮೆಯಲ್ಲಿ ಆನೆ ಕಾಟ ಜಾಸ್ತಿ. ಯಾವ ತೋಟದಲ್ಲಿ ಆನೆ ನಿಂತಿದೆ ಅನ್ನುವ ಸುದ್ದಿ ಊರಿನವರ ಫೋನ್‌ಗೆ ಬರುತ್ತಿರುತ್ತದೆ. "ಇವತ್ತು ಆ ದಿಕ್ಕಿಗೆ ಹೋಗೋದು ಬೇಡ, ನಾಳೆ ನೋಡಣ" ಅಂದರೆ ಮುಗಿಯಿತು. ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆ ಇಳಿಯುವ ರೈಲು ಹಳಿಯ ಮೇಲೆ ನಡೆಯಬೇಕು ಅಂತ ನಮ್ಮ ಜೊತೆ ಬಂದಿದ್ದ ಹುಡುಗರಿಗೆ ಭಾರೀ ಆಸೆ. 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ, ಯಾರಿಗೆ ಆಸೆ ಆಗಲ್ಲ? ಆದರೆ ಅಲ್ಲಿ ನಡೆಯುವುದಕ್ಕೆ ನಿಷೇಧವಿದೆ. ಅಣ್ಣ ಖಡಾಖಂಡಿತ ಆಗಲ್ಲ ಅಂದರು. ಯಶವಂತಪುರದಿಂದ ಮಂಗಳೂರಿಗೆ ಹೋಗುವ ಹಗಲು ರೈಲಿಗೆ 2021ರಿಂದ ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿ ಹಾಕಿದ್ದಾರೆ, ಅದರಲ್ಲಿ ಕೂತು ನೋಡಿ ಅಂತ ಅವರೇ ಹೇಳಿದರು.

ಈಗ ನನ್ನ ಸಂಕಟ ಹೇಳುತ್ತೇನೆ. ಇಂಥ ಮನೆಗಳ ಪಕ್ಕದಲ್ಲೇ ಬೇರೆ ಥರದವು ಎದ್ದಿವೆ. ಮಾಲೀಕರು ಇನ್ನೆಲ್ಲೋ ಇರುತ್ತಾರೆ. ಮನೆ ಲೀಸ್‌ಗೆ ಹೋಗಿದೆ, ನೋಡಿಕೊಳ್ಳಲು ಒಬ್ಬ ಹುಡುಗ. ರಾತ್ರಿ ಒಂದು ಗಂಟೆಯವರೆಗೆ ಸ್ಪೀಕರ್. ಅಕ್ಕಪಕ್ಕದ ಲೈನ್ ಮನೆಗಳಲ್ಲಿ ತೋಟದ ಕೆಲಸದವರು ಮಲಗಿರುತ್ತಾರೆ, ಬೆಳಿಗ್ಗೆ ಅವರು ಕೆಲಸಕ್ಕೆ ಹೋಗಬೇಕು. ಭಾನುವಾರ ಎಲ್ಲ ಖಾಲಿ ಆದ ಮೇಲೆ ಹಳ್ಳದಲ್ಲಿ ಬಾಟಲಿ, ಚಿಪ್ಸ್ ಪ್ಯಾಕೆಟ್. ಆ ಕಡೆಯ ಎಷ್ಟೋ ಹಳ್ಳಗಳು ಹೇಮಾವತಿಗೆ ಸೇರುತ್ತವೆ. ಹೇಮಾವತಿ ಕೆಆರ್‌ಎಸ್‌ನಲ್ಲಿ ಕಾವೇರಿ ಜೊತೆಗೂಡುತ್ತದೆ. ಆಮೇಲೆ ಆ ಕಾವೇರಿ ನೀರು ಎಲ್ಲಿಗೆ ಬರುತ್ತೆ ಅಂತ ಬೆಂಗಳೂರಿನವರಿಗೆ ಹೇಳಬೇಕಾ?

ಕೇಂದ್ರ ಪ್ರವಾಸೋದ್ಯಮ ಸಚಿವಾಲಯ ಹೋಂಸ್ಟೇಗೆ ನೋಂದಣಿ ಕೊಡುವಾಗಲೂ ಮಾಲೀಕರ ಕುಟುಂಬ ಅಲ್ಲೇ ವಾಸವಿರಬೇಕು, ಬಾಡಿಗೆ ಕೋಣೆ ಆರಕ್ಕಿಂತ ಹೆಚ್ಚಿರಬಾರದು ಅನ್ನುತ್ತದೆ. ಅದು ಸುಮ್ನೆ ಇಟ್ಟ ನಿಯಮ ಅಲ್ಲ. ಮನೆಯವರು ಇದ್ದರೆ ಗಲಾಟೆ ಮಾಡುವವರಿಗೂ ಒಂದು ಸಂಕೋಚ ಇರುತ್ತದೆ. ಮಗುವಿಗೆ ಜ್ವರ ಬಂದರೆ ರಾತ್ರಿ ಜೀಪ್ ತೆಗೆಯಲು ಒಬ್ಬರು ಇರುತ್ತಾರೆ.

ದುಡ್ಡಿನ ವಿಷಯಕ್ಕೆ ಬರೋಣ. "ಹಳ್ಳಿ ಮನೆಗೆ ಇಷ್ಟೊಂದಾ?" ಅಂತ ಚೌಕಾಸಿ ಮಾಡುವವರನ್ನು ನೋಡಿದ್ದೇನೆ, ಮನಸ್ಸಿಗೆ ನೋವಾಗುತ್ತದೆ. ಕಾಫಿ ರೇಟು ಒಂದು ವರ್ಷ ಇದ್ದ ಹಾಗೆ ಇನ್ನೊಂದು ವರ್ಷ ಇರುವುದಿಲ್ಲ. ತೋಟಕ್ಕೆ ಆಳು ಸಿಗುವುದಿಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದಾಗ ಪ್ರವಾಸಿಗರು ಬರುವುದೇ ನಿಂತುಹೋಗಿತ್ತು. ಎಷ್ಟೋ ಕುಟುಂಬಗಳಿಗೆ ಆ ಎರಡು ಕೋಣೆಯ ದುಡ್ಡೇ ಮಕ್ಕಳ ಫೀಸು. ಅಕ್ಕ ಬೆಳಿಗ್ಗೆ ಐದಕ್ಕೆ ಒಲೆ ಹಚ್ಚುತ್ತಾರೆ, ರಾತ್ರಿ ನಮ್ಮ ಊಟ ಮುಗಿದ ಮೇಲೆ ಅವರ ಊಟ. ದಯವಿಟ್ಟು ಕೇಳಿದಷ್ಟು ಕೊಡಿ.

ನಮ್ಮಿಂದ ಅವರಿಗೆ ಬೇಕಾಗಿರುವುದೂ ದೊಡ್ಡದೇನಲ್ಲ. ಕತ್ತಲಾಗುವ ಮುಂಚೆ ಮುಟ್ಟಿ. ಎಷ್ಟು ಜನ, ಯಾರು ಮಾಂಸ ತಿನ್ನಲ್ಲ, ಯಾರಿಗೆ ಶುಗರ್ ಅಂತ ಎರಡು ದಿನ ಮೊದಲೇ ಹೇಳಿ. ತೋಟದಲ್ಲಿ ಕೇಳದೆ ಏನನ್ನೂ ಕೀಳಬೇಡಿ. ಊಟಕ್ಕೆ ಕೂತಾಗ ಫೋನ್ ಪಕ್ಕಕ್ಕಿಟ್ಟು ಅವರ ಮಾತು ಕೇಳಿ. ಮನೆಯಲ್ಲಿ ವಯಸ್ಸಾದವರಿದ್ದರೆ ಅವರ ಹತ್ತಿರ ಒಂದರ್ಧ ಗಂಟೆ ಕೂರಿ. ಆ ಕಾಡು, ಆ ಮಳೆ, ಆ ರಸ್ತೆ ಮೊದಲು ಹೇಗಿತ್ತು ಅಂತ ಅವರಷ್ಟು ಚೆನ್ನಾಗಿ ಹೇಳುವವರು ಯಾರೂ ಸಿಗುವುದಿಲ್ಲ.

ಸಾಧ್ಯ ಆದರೆ ಸಾಲು ರಜೆ ಬಿಟ್ಟು ಬೇರೆ ವಾರ ಹೋಗಿ. ಅವರಿಗೂ ಮಾತಾಡಲು ಪುರುಸೊತ್ತು ಇರುತ್ತದೆ, ವಾಪಸ್ ಬರುವಾಗ ನೆಲಮಂಗಲದಲ್ಲಿ ಗಂಟೆಗಟ್ಟಲೆ ನಿಲ್ಲುವುದೂ ತಪ್ಪುತ್ತದೆ. ಅದರಲ್ಲೂ ಕಾಫಿ ಹೂ ಬಿಡುವ ವಾರ ಒಂದು ಸಲವಾದರೂ ನೋಡಿ. ಮಾರ್ಚ್, ಏಪ್ರಿಲ್‌ನಲ್ಲಿ ಹೂ ಅರಳಿಸುವ ಬೇಸಿಗೆ ಮಳೆ, ಅಂದರೆ ಹೂಮಳೆ, ಬಿದ್ದ ಎಂಟು ಹತ್ತು ದಿನಕ್ಕೆ ಇಡೀ ತೋಟ ಬೆಳ್ಳಗಾಗುತ್ತದೆ, ಮಲ್ಲಿಗೆಯಂಥ ಪರಿಮಳ. ಮೂರು ನಾಲ್ಕು ದಿನ ಅಷ್ಟೇ, ಆಮೇಲೆ ಬಾಡುತ್ತದೆ. ಆ ದಿನ ಯಾವ ಆ್ಯಪ್‌ನಲ್ಲೂ ಇರುವುದಿಲ್ಲ. ಮಾರ್ಚ್ ಶುರುವಿನಲ್ಲಿ ಅಲ್ಲಿನ ಅಣ್ಣನಿಗೋ ಅಕ್ಕನಿಗೋ ಒಂದು ಫೋನ್ ಮಾಡಿ, "ಮಳೆ ಬಿದ್ದ ತಕ್ಷಣ ತಿಳಿಸಿ" ಅಂತ ಹೇಳಿಡಿ. ಅವರೇ ಫೋನ್ ಮಾಡಿ ಕರೆಯುತ್ತಾರೆ.