ಸಲಿನಾಸ್ ಚೀಸ್ ಘಟಕ ಯಾರದ್ದು? ಒಂದು ಸ್ಪಷ್ಟನೆ
ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶದ ಸಲಿನಾಸ್ ಅನ್ನೋ ಬೆಟ್ಟದೂರನ್ನು ಸ್ವಿಸ್ ಕಂಪನಿಯೊಂದು ಚೀಸ್ ಫ್ಯಾಕ್ಟರಿ ಹಾಕಿ ಉದ್ಧಾರ ಮಾಡಿತು ಅನ್ನೋ ಮೆಸೇಜ್ ಓಡಾಡುತ್ತಿದೆ. ಅದು ತಪ್ಪು. ನಾನೂ ನಂಬಿ ಕಳಿಸಿದ್ದೆ, ಕ್ಷಮಿಸಿ.

ಸ್ವಿಸ್‌ನವರು ಕೊಟ್ಟಿದ್ದು ತಾಂತ್ರಿಕ ನೆರವು, ತರಬೇತಿ. 1978ರಲ್ಲಿ ಶುರುವಾದ ಘಟಕ ಅಲ್ಲಿನ ರೈತರ ಸಹಕಾರ ಸಂಘದ್ದೇ. ಅದಕ್ಕೂ ಮುಂಚೆ, 1970ರ ದಶಕದ ಆರಂಭದಲ್ಲಿ, ಪಾದ್ರಿ ಆಂಟೋನಿಯೊ ಪೋಲೋ ಜೊತೆ ಸೇರಿ ಊರವರು ಉಳಿತಾಯ ಮತ್ತು ಸಾಲದ ಸಂಘ ಕಟ್ಟಿಕೊಂಡಿದ್ದರು. ಅಲ್ಲಿವರೆಗೆ ಉಪ್ಪುನೀರು ಕುದಿಸಿ ಉಪ್ಪು ತೆಗೆಯೋದೇ ಅವರ ಬದುಕು. ಸುಮಾರು 3,500 ಮೀಟರ್ ಎತ್ತರದ ಆ ಚಳಿಯಲ್ಲಿ ಕತ್ತೆ ಮತ್ತು ಲಾಮಾ ಅನ್ನೋ ಒಂಟೆ ಜಾತಿಯ ಪ್ರಾಣಿಗಳ ಬೆನ್ನಿಗೆ ಕ್ಯಾನ್ ಕಟ್ಟಿ ಹಾಲು ತಂದು ಹಾಕಿದವರು ಈ ರೈತರು, ಬಂದ ಲಾಭವನ್ನು ಹಂಚಿಕೊಳ್ಳದೆ ನೂಲಿನ ಗಿರಣಿ, ಚಾಕೊಲೇಟ್ ಅಂತ ಹೊಸ ಕೆಲಸಗಳಿಗೆ ತೊಡಗಿಸಿದವರೂ ಅವರೇ. ಅವರ ದುಡಿಮೆಯ ಹೆಸರು ಇನ್ಯಾರಿಗೋ ಹೋಗಬಾರದು ಅಲ್ವಾ? ದಯವಿಟ್ಟು ಆ ಮೆಸೇಜ್ ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ, ಅದೇ ಗ್ರೂಪಿಗೆ ಇದನ್ನೂ ಕಳಿಸಿ.