ಸತ್ಯಾಂಶ: ನೆಲದ ಶಾಖದಿಂದ ಮನೆ ಬೆಚ್ಚಗಾಗುತ್ತದೆ, ಆದರೆ ಕರೆಂಟ್ ಬೇಕೇ ಬೇಕು

"ಸ್ವೀಡನ್‌ನಲ್ಲಿ ಮನೆ ಪಕ್ಕ ಬೋರ್ ಕೊರೆದು ಭೂಮಿಯ ಕುದಿಯುವ ನೀರು ತರುತ್ತಾರೆ, ಚಳಿಗಾಲವೆಲ್ಲ ಕರೆಂಟ್ ಬಿಲ್ಲೇ ಇಲ್ಲ" ಎಂಬ ಫಾರ್ವರ್ಡ್ ಓಡಾಡುತ್ತಿದೆ. ಬೋರ್ ಕೊರೆಯುವುದು ನಿಜ. ಮಿಕ್ಕಿದ್ದು ತಪ್ಪು.

ಅಲ್ಲಿನ ಬೋರ್ ಸಾಮಾನ್ಯವಾಗಿ 100ರಿಂದ 250 ಮೀಟರ್ ಆಳ. ಸ್ಟಾಕ್‌ಹೋಮ್ ಕಡೆ ಅಷ್ಟು ಕೆಳಗಿನ ಬಂಡೆ ಸುಮಾರು 8 ಡಿಗ್ರಿ ಅಷ್ಟೇ. ನೀರನ್ನು ಮೇಲೆತ್ತುವುದೂ ಇಲ್ಲ. ಹೆಪ್ಪುಗಟ್ಟದಂತೆ ಆಲ್ಕೋಹಾಲ್ ಬೆರೆಸಿದ ನೀರು ಪ್ಲಾಸ್ಟಿಕ್ ಪೈಪಿನಲ್ಲಿ ಸುತ್ತುತ್ತಾ ಬಂಡೆಯ ಶಾಖ ಹೀರಿಕೊಂಡು ಬರುತ್ತದೆ. ಮನೆಯೊಳಗಿನ ಹೀಟ್ ಪಂಪ್, ಫ್ರಿಜ್‌ನಂತೆಯೇ ಕಂಪ್ರೆಸರ್ ಬಳಸಿ, ಅದನ್ನು ಮನೆ ಬೆಚ್ಚಗಾಗುವಷ್ಟು ಏರಿಸುತ್ತದೆ. ಆ ಕಂಪ್ರೆಸರ್‌ಗೆ ಕರೆಂಟ್ ಬೇಕಲ್ವಾ? 1 ಯೂನಿಟ್ ಕರೆಂಟಿಗೆ ಸುಮಾರು 3ರಿಂದ 4 ಯೂನಿಟ್ ಶಾಖ ಸಿಗುತ್ತದೆ. ಬಿಲ್ ಇಳಿಯುತ್ತದೆ, ಸೊನ್ನೆಯಾಗುವುದಿಲ್ಲ. ಇದೇ ದೊಡ್ಡ ಲಾಭ, ಸುಳ್ಳು ಸೇರಿಸುವ ಅಗತ್ಯವೇ ಇಲ್ಲ.

ನೆಲದ ಬಿಸಿನೀರನ್ನೇ ಮನೆಗಳಿಗೆ ಹರಿಸುವುದು ಐಸ್‌ಲ್ಯಾಂಡ್‌ನ ರೇಕ್ಯಾವಿಕ್‌ನಲ್ಲಿ. ಅದು ಜ್ವಾಲಾಮುಖಿಗಳ ನಾಡು.

ಬೆಂಗಳೂರಿನಲ್ಲಿ ಹಾಕಿಸಬಹುದಾ? ಇಲ್ಲಿ ಮನೆ ಬಿಸಿ ಮಾಡುವ ಗರಜೇ ಕಡಿಮೆ. ತಂಪಿಗೆ ಬಳಸಬಹುದು, ಆಗ ಮನೆಯ ಶಾಖ ಬೋರ್ ಮೂಲಕ ನೆಲಕ್ಕೆ ಹೋಗುತ್ತದೆ. ಆದರೆ ಚಳಿಗಾಲದಲ್ಲಿ ಶಾಖ ವಾಪಸ್ ತೆಗೆಯದೆ ಸುಮ್ನೆ ತುಂಬುತ್ತಲೇ ಹೋದರೆ ಬೋರ್ ಸುತ್ತಲಿನ ನೆಲವೇ ಬಿಸಿಯಾಗಿ, ವರ್ಷಗಳು ಕಳೆದಂತೆ ಕರೆಂಟ್ ಜಾಸ್ತಿ ಎಳೆಯುತ್ತದೆ.