ಸತ್ಯಾಂಶ: ಶತ್ರುಗಳು ಏಳು ದಾರಿ ಹಿಡಿದು ಓಡುತ್ತಾರಾ?

‘ಶತ್ರುಗಳು ಒಂದು ದಾರಿಯಲ್ಲಿ ಬಂದು ಏಳು ದಾರಿ ಹಿಡಿದು ಓಡುವರು. ಫಾರ್ವರ್ಡ್ ಮಾಡಿ, ಗೆಲುವು ಖಚಿತ’ ಅನ್ನೋ ಮೆಸೇಜ್ ನೋಡಿರಬಹುದು. ಮಾತೇನೋ ಹೀಬ್ರೂ ಗ್ರಂಥದ್ದೇ (ಬೈಬಲ್‌ನ ಹಳೆಯ ಒಡಂಬಡಿಕೆ), ಧರ್ಮೋಪದೇಶಕಾಂಡ 28:7. ಆದರೆ ಅದು ದೇವರ ಆಜ್ಞೆ ಪಾಲಿಸಿದರೆ ಅಂತ ಇಸ್ರಾಯೇಲ್ಯರಿಗೆ ಹೇಳಿದ ಮಾತು. ಮೀರಿದರೆ? ಅದೇ ಅಧ್ಯಾಯದ 25ನೇ ವಚನದಲ್ಲಿ ಏಳು ದಾರಿ ಹಿಡಿದು ಓಡುವವರು ಅವರೇ! ಇದನ್ನು ಮಾತ್ರ ಯಾರೂ ಫಾರ್ವರ್ಡ್ ಮಾಡಲ್ಲ, ಅಲ್ವಾ?

ಒಮ್ಮೆ ಶತ್ರು ಜನಾಂಗವಾದ ಫಿಲಿಷ್ಟಿಯರ ವಿರುದ್ಧ ಸೋತಾಗ ಇಸ್ರಾಯೇಲ್ಯರು ದೇವರ ಮಂಜೂಷವನ್ನೇ (ತಮ್ಮ ಪವಿತ್ರ ಪೆಟ್ಟಿಗೆಯನ್ನೇ) ರಣರಂಗಕ್ಕೆ ಹೊತ್ತು ತಂದರು, ತಾಯಿತ ಕಟ್ಟಿಕೊಂಡ ಹಾಗೆ. ಆಗ ಅವರ 30,000 ಕಾಲಾಳುಗಳು ಸತ್ತರು, ಮಂಜೂಷವೂ ಶತ್ರುಗಳ ಪಾಲಾಯಿತು.

ಗೆದ್ದ ಕಥೆಯೂ ಇದೆ. ಇಸ್ರಾಯೇಲ್ಯರ ನಾಯಕ ಗಿದ್ಯೋನನ ಜೊತೆ ಯುದ್ಧಕ್ಕೆ 32,000 ಜನ ಇದ್ದರು. ‘ಜಾಸ್ತಿ ಆಯಿತು, ನಮ್ಮ ಕೈಯಿಂದಲೇ ಗೆದ್ದೆವು ಅಂತ ಜಂಬ ಪಟ್ಟಾರು’ ಎಂದು ದೇವರು ಉಳಿಸಿದ್ದು ಬರೀ 300 ಜನರನ್ನು.